ಹತ್ತಿ ಸೀಸನ್ನು, ಖಾಲಿ ಕ್ಲಾಸು

ಪ್ರಶ್ನೆ: ಸರ್ ನಮಸ್ಕಾರ, ನಾನು ದೇವದುರ್ಗ ತಾಲೂಕಿನ ಒಂದ್ ಹಳ್ಳ್ಯಾಗ ಎಸ್‌ಡಿಎಂಸಿ (ಸಾಲಿ ಉಸ್ತುವಾರಿ ಸಮಿತಿ) ಸದಸ್ಯ ಅದೀನಿ. ದಸರಾ ಆದ ಮ್ಯಾಲ ನಮ್ಮ ವಾಲ್ಮೀಕಿ ಓಣಿ ಹುಡ್ರು ಟಂಟಂನ್ಯಾಗ ಹತ್ತಿ ಬಿಡಸಾಕ ಹೋಗ್ತಾವ, ಕ್ಲಾಸು ಖಾಲಿ. ಕೆನಡಾದಾಗ ಆದಿವಾಸಿಗಳು ಸಾಲಿ ಜೋಡಿ ಒಪ್ಪಂದ ಮಾಡ್ಕೊಂಡು ಮಕ್ಕಳನ್ನ ಓದಸ್ತಾರಂತ, ನಮ್ಮಲ್ಲಿ ಆಗ್ತದೇನ್ರಿ?

ಉತ್ತರ: ಆಗ್ತದ್ರಿ. ನೀವು ಕೇಳಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ್ದು ಇರ್ಬೇಕು. ಅಲ್ಲಿ ಸಾಲಿ ನಡೆಸೋ ಜಿಲ್ಲಾ ಮಂಡಳಿ, ಆ ಭಾಗದ ಮೂಲನಿವಾಸಿಗಳು, ಶಿಕ್ಷಣ ಇಲಾಖೆ ಎಲ್ಲಾರೂ ಕುಂತು 5 ವರ್ಷದ ಕರಾರು ಬರೀತಿದ್ರು. ಹಿಂದ ಸರ್ಕಾರ, ಚರ್ಚಿನವ್ರು ಸೇರಿ ಆ ಮಕ್ಕಳನ್ನ ಮನಿಯಿಂದ ಕಿತ್ಕೊಂಡು ವಸತಿ ಸಾಲಿಗೆ ಹಾಕಿದ್ರು ನೋಡ್ರಿ, ಸಾಲಿ ಮ್ಯಾಲ ನಂಬಿಕಿನೇ ಹೋಗಿತ್ತು, ಅದಕ್ಕ ಮಾತು ಕಾಗದದ ಮ್ಯಾಲ ಬರಬೇಕಾತು.

ನಮಗ ಹೊಸ ಕರಾರು ಬೇಕಿಲ್ಲ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆನೇ ಹೇಳ್ತದ, ಸಾಲಿ ಸಮಿತ್ಯಾಗ 75% ಪಾಲಕರು, ಒಟ್ಟಿನಾಗ ಅರ್ಧ ಹೆಣ್ಮಕ್ಕಳು, ಅವಕಾಶ ವಂಚಿತ ಮಕ್ಕಳ ಪಾಲಕರಿಗೂ ಅವರ ಸಂಖ್ಯೆಗೆ ತಕ್ಕಂಗ ಜಾಗ ಅಂತ. ಜಾಗ ಅದ, ಆದ್ರ ಮೀಟಿಂಗ್ ಇಡೋದು ಮುಂಜಾನಿ 11ಕ್ಕ! ಹತ್ತಿ ಬಿಡಿಸೋಕಿಗೆ ಕಿಲೋ ಲೆಕ್ಕದ ಕೂಲಿ, ಬಂದ್ರ ಆ ದಿನದ ದುಡಿಮಿ ಹೋತು, ಹಂಗಾಗಿ ಸಂಜಿಕ ರಿಜಿಸ್ಟರೇ ಮನಿಗೆ ಹೋಗಿ ಹೆಬ್ಬಟ್ಟು ಒತ್ತಿಸ್ಕೊಂಡು ಬರ್ತದ. ಇದಕ್ಕ ಪಾಲುದಾರಿಕೆ ಅನ್ನಾಕ ಬರಲ್ರಿ. ರಾತ್ರಿ ಊಟ ಆದ ಮ್ಯಾಲ ಓಣಿ ಕಟ್ಟಿ ಮ್ಯಾಲ ಮೀಟಿಂಗ್ ಇಡ್ರಿ, ಹೆಡ್ ಮಾಸ್ತರನ್ನ ಅಲ್ಲಿಗೇ ಕರೀರಿ, ಹುಡುಗನ ಕೈಯಾಗ ಕನ್ನಡ ಪುಸ್ತಕ ಕೊಟ್ಟು ಅವ್ವನ ಮುಂದ ಓದಿಸ್ರಿ (ಓದಾಕ ಬರದಾಕಿಗೆ ಅಂಕಪಟ್ಟಿ ತೋರಿಸಿ ಏನ್ ಮಾಡೋದು). ಟಂಟಂ ಡ್ರೈವರ್‌ನೂ ಕುಂದ್ರಸ್ರಿ, 14ರ ಒಳಗಿನ ಮಕ್ಕಳನ್ನ ಕೂಲಿಗೆ ಹಚ್ಚೋದು ಅಪರಾಧ ಅಂತ ಎಲ್ಲಾರ ಮುಂದ ಹೇಳ್ರಿ, ಒಬ್ಬೊಬ್ಬರಿಗೆ ಹೇಳಿದ್ರ ಜಗಳ ಆಗ್ತದ.

ಬೆಂಗಳೂರಿಗೆ ಗುಳೆ ಹೋಗೋರ ಕಥಿ ಬ್ಯಾರೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನ್ಯಾಗ ಸೀಸನಲ್ ಹಾಸ್ಟೆಲ್‌ಗೆ (ಪಾಲಕರು ಗುಳೆ ಹೋದಾಗ ಮಕ್ಕಳು ಉಳಿದು ಓದೋ ಜಾಗ) ಅವಕಾಶ ಅದ, ಆದ್ರ ಮಂದಿ ಊರು ಬಿಟ್ಟ ಮ್ಯಾಲ ಅರ್ಜಿ ಕೊಟ್ರ ಉಪಯೋಗಿಲ್ಲ, ಆಗಸ್ಟ್‌ನ್ಯಾಗೇ ಮಕ್ಕಳ ಹೆಸರು ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಟ್ಟು ಸ್ವೀಕೃತಿ ತಗೋರಿ. ಇಲ್ಲ, ಕರ್ಕೊಂಡೇ ಹೋಗ್ತೀವಿ ಅನ್ನೋರಿಗೆ ಒಂದ್ ಮಾತು ತಿಳಿಸ್ರಿ, ಟಿಸಿ ತಡ ಆತು ಅಂತ ಅಲ್ಲಿನ ಸರ್ಕಾರಿ ಸಾಲ್ಯಾಗ ಮಗುನ್ನ ವಾಪಸ್ ಕಳಿಸಂಗಿಲ್ಲ, ಇದೂ ಅದೇ ಆರ್‌ಟಿಇದಾಗ ಅದ.