ಕರೆಂಟ್ ಬಂತು, ಗ್ರಾಫ್ ಬರಲಿಲ್ಲ

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ 8 ನೋಡ್‌ಗಳ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ) ಲಿನಕ್ಸ್ ಕ್ಲಸ್ಟರ್ ಇದೆ. ನಿಗಾ ಇಡಲು ಗ್ಯಾಂಗ್ಲಿಯಾ ತಂತ್ರಾಂಶ ಹಾಕಿದ್ದೇವೆ. ನೆಟ್‌ವರ್ಕ್ ಸ್ವಿಚ್‌ನಲ್ಲಿ ಮಲ್ಟಿಕಾಸ್ಟ್ (ಗುಂಪಿಗೆಲ್ಲ ಒಟ್ಟಿಗೆ ಕಳಿಸುವುದು) ಸರಿಬರದೆ ಯೂನಿಕಾಸ್ಟ್‌ಗೆ (ಒಂದೇ ಕಂಪ್ಯೂಟರ್‌ಗೆ ಕಳಿಸುವುದು) ಬದಲಾಯಿಸಿದೆವು. ಕಕ್ಕಡ ತಿಂಗಳ ಮಳೆಗೆ ಕರೆಂಟ್ ಹೋಗಿ, ಎಲ್ಲದರ ಮಾಹಿತಿ ಕೂಡಿಸುವ ಹೆಡ್ ನೋಡ್ ರೀಸ್ಟಾರ್ಟ್ ಆದರೆ, ವೆಬ್ ಪುಟದಲ್ಲಿ ಉಳಿದ ನೋಡ್‌ಗಳ ಹೆಸರಷ್ಟೇ ಕಾಣುತ್ತದೆ, ಗ್ರಾಫ್ ಬರುವುದಿಲ್ಲ. ಎಲ್ಲ ನೋಡ್‌ಗಳಲ್ಲೂ ಜಿಮಾಂಡ್ (ಅಳತೆಗಳನ್ನು ಕಳಿಸುವ ಗ್ಯಾಂಗ್ಲಿಯಾದ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಪ್ರತಿ ಸಲವೂ ಹೀಗೇ ಮಾಡಬೇಕೇ?
– ಓದುಗರು, ಪೊನ್ನಂಪೇಟೆ

ಉತ್ತರ: ಬೇಕಿಲ್ಲ, ಒಂದು ಸಾಲು ಬದಲಾಯಿಸಿದರೆ ಸಾಕು. ಜಿಮಾಂಡ್ ಎರಡು ಬಗೆಯ ಪ್ಯಾಕೆಟ್ ಕಳಿಸುತ್ತದೆ. ಒಂದರಲ್ಲಿ ಅಳತೆಯ ಹೆಸರು, ಬಗೆ, ಮಾನ ಇರುತ್ತವೆ, ಇದು ಮೆಟಾಡೇಟಾ. ಇನ್ನೊಂದರಲ್ಲಿ ಬರೀ ಬೆಲೆ, ಅಂದರೆ ಅಳೆದ ಅಂಕಿ. ಮೆಟಾಡೇಟಾವನ್ನು ಹೆಡ್ ನೋಡ್‌ನ ಜಿಮಾಂಡ್ ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುವುದರಿಂದ ಅದು ರೀಸ್ಟಾರ್ಟ್ ಆದೊಡನೆ ಎಲ್ಲ ಹೋಯಿತು. ಮಲ್ಟಿಕಾಸ್ಟ್‌ನಲ್ಲಾದರೆ ಅದನ್ನು ಮತ್ತೆ ಕೇಳಿ ಪಡೆಯುತ್ತದೆ. ಯೂನಿಕಾಸ್ಟ್‌ನಲ್ಲಿ ಆ ದಾರಿಯಿಲ್ಲ. ಬೆಲೆ ಬರುತ್ತಿದ್ದರೂ ಅದು ಯಾವುದರ ಬೆಲೆಯೆಂದು ಗೊತ್ತಾಗದೆ ಜಿಮಾಂಡ್ ಕೈಬಿಡುತ್ತದೆ.

ಪ್ರತಿ ನೋಡ್‌ನ ಜಿಮಾಂಡ್.ಕಾನ್ಫ್ ಕಡತದ ಗ್ಲೋಬಲ್ಸ್ ಭಾಗದಲ್ಲಿ ಸೆಂಡ್_ಮೆಟಾಡೇಟಾ_ಇಂಟರ್ವಲ್ ಹುಡುಕಿ. ಅದು 0 ಇದ್ದರೆ ಮೆಟಾಡೇಟಾ ಮತ್ತೆ ಹೋಗುವುದೇ ಇಲ್ಲ. 30 ಎಂದು ಹಾಕಿ, ಕೊನೆಯದಾಗಿ ಒಂದು ಸಲ ಎಲ್ಲ ಕಡೆ ಜಿಮಾಂಡ್ ರೀಸ್ಟಾರ್ಟ್ ಮಾಡಿ. ಮುಂದೆ ಹೆಡ್ ನೋಡ್ ಎಷ್ಟು ಸಲ ಬಿದ್ದೆದ್ದರೂ ಅರ್ಧ ನಿಮಿಷದಲ್ಲಿ ಮಾಹಿತಿ ತಾನಾಗಿ ಕೂಡಿಕೊಳ್ಳುತ್ತದೆ. 8 ನೋಡ್‌ಗಳಿಗೆ ಇದರಿಂದ ನೆಟ್‌ವರ್ಕ್‌ಗೆ ಆಗುವ ಹೊರೆ ಲೆಕ್ಕಕ್ಕಿಲ್ಲ.

ಹಾಗೆ ಮಾಡಿಯೂ ಗ್ರಾಫ್ ಬರದಿದ್ದರೆ ಊಹೆಗೆ ಇಳಿಯುವ ಮೊದಲು ಹೆಡ್ ನೋಡ್‌ನಲ್ಲಿ ಟೆಲ್‌ನೆಟ್ ಲೋಕಲ್‌ಹೋಸ್ಟ್ 8649 ಕೊಟ್ಟು ನೋಡಿ. ಉದ್ದಕ್ಕೆ ಎಕ್ಸ್‌ಎಂಎಲ್ ಸುರಿಯುತ್ತದೆ. ಹೋಸ್ಟ್ ಸಾಲಿನ ಕೆಳಗೆ ಮೆಟ್ರಿಕ್ ಸಾಲುಗಳು ಇಲ್ಲದಿದ್ದರೆ ಅದೇ ಮೆಟಾಡೇಟಾ ತೊಂದರೆ. ಹೋಸ್ಟ್ ಸಾಲೇ ಇಲ್ಲವೆಂದರೆ ಆ ನೋಡ್‌ನ ಪ್ಯಾಕೆಟ್ ಬಂದು ತಲುಪುತ್ತಿಲ್ಲ. ಫೈರ್‌ವಾಲ್‌ನಲ್ಲಿ ಯುಡಿಪಿ 8649 ತೆರೆದಿದೆಯೇ ನೋಡಿ. ಎರಡೂ ಸರಿಯಿದ್ದರೆ ತಪ್ಪು ಜಿಮೆಟಾಡ್ ಕಡೆಯದು; ಜಿಮಾಂಡ್‌ನಿಂದ ಅಂಕಿಗಳನ್ನು ಪಡೆದು ಗ್ರಾಫ್‌ಗಾಗಿ ಆರ್‌ಆರ್‌ಡಿ ಎಂಬ ಕಡತಗಳಿಗೆ ಬರೆಯುವ ಪ್ರೋಗ್ರಾಂ ಇದು. ಆರ್‌ಆರ್‌ಡಿ ಕಡತಗಳಿರುವ ಫೋಲ್ಡರ್‌ಗೆ ಬರೆಯುವ ಅನುಮತಿ ಅದಕ್ಕಿಲ್ಲದಿರುವುದು ಹೆಚ್ಚಾಗಿ ಸಿಗುವ ಕಾರಣ.

ಇನ್ನೊಂದು ಮಾತು. ಕರೆಂಟ್ ಬಂದಾಗ ನೋಡ್‌ಗಳೂ ಸ್ವಿಚ್ಚೂ ಒಟ್ಟಿಗೆ ಏಳುತ್ತವೆ. ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಸುತ್ತು ಬೀಳದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಸ್ವಿಚ್ ಒಂದೊಂದು ಪೋರ್ಟನ್ನೂ ಸುಮಾರು 30 ಸೆಕೆಂಡ್ ತಡೆದಿಡುತ್ತದೆ. ಅಷ್ಟರಲ್ಲಿ ಶುರುವಾದ ಜಿಮಾಂಡ್ ನೆಟ್‌ವರ್ಕ್ ಕಾಣದೆ ನಿಂತುಹೋಗಬಹುದು. ಜಿಮಾಂಡನ್ನು ಶುರುಮಾಡುವ ಸಿಸ್ಟಂಡಿ ಯೂನಿಟ್ ಕಡತದಲ್ಲಿ ರೀಸ್ಟಾರ್ಟ್=ಆನ್-ಫೇಲ್ಯೂರ್, ರೀಸ್ಟಾರ್ಟ್‌ಸೆಕ್=15 ಸೇರಿಸಿಬಿಡಿ.

ಪ್ರಶ್ನೆ: ನಮ್ಮ ಹೆಡ್ ನೋಡ್‌ನ ಗಡಿಯಾರ ಒಮ್ಮೆ ಮುಂದಕ್ಕೆ ಓಡಿತ್ತು. ಸರಿಪಡಿಸಿದ ಮೇಲೆ ಗ್ಯಾಂಗ್ಲಿಯಾ ಗ್ರಾಫ್‌ಗಳು ನಿಂತೇ ಹೋಗಿವೆ. ಏಕೆ?
– ಓದುಗರು, ವಿರಾಜಪೇಟೆ

ಉತ್ತರ: ಆರ್‌ಆರ್‌ಡಿ ಕಡತ ತಾನು ಕೊನೆಯದಾಗಿ ಬರೆದುಕೊಂಡ ಹೊತ್ತಿಗಿಂತ ಹಿಂದಿನದನ್ನು ಒಪ್ಪುವುದಿಲ್ಲ. ಗಡಿಯಾರ ಎರಡು ತಿಂಗಳು ಮುಂದೆ ಹೋಗಿದ್ದರೆ ಎರಡು ತಿಂಗಳು ಕಾಯಬೇಕು! ಆರ್‌ಆರ್‌ಡಿಟೂಲ್ ಲಾಸ್ಟ್ ಎಂಬ ಆದೇಶದಿಂದ ಆ ಕೊನೆಯ ಹೊತ್ತು ತಿಳಿಯುತ್ತದೆ. ಕಾಯಲಾಗದಿದ್ದರೆ ಜಿಮೆಟಾಡ್ ನಿಲ್ಲಿಸಿ, ಆ ಕ್ಲಸ್ಟರಿನ ಫೋಲ್ಡರನ್ನು ಬೇರೆಡೆಗೆ ಸರಿಸಿ, ಮತ್ತೆ ಶುರುಮಾಡಿ. ಹಳೆಯ ಗ್ರಾಫ್ ಪುಟದಿಂದ ಹೋಗುತ್ತದೆ, ಹೊಸದು ಬರುತ್ತದೆ.

ಕರೆಂಟ್ ಹೋದಾಗಲೆಲ್ಲ ಸಮಯ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ಬಟನ್ ಸೆಲ್ ಬದಲಾಯಿಸಿ. ಬಹುತೇಕ ಬೋರ್ಡ್‌ಗಳಲ್ಲಿ ಅದು 3 ವೋಲ್ಟಿನ ಸಿಆರ್2032. ಜೊತೆಗೆ ಸಮಯ ಹೊಂದಿಸುವ ಕ್ರೋನಿ ಹಾಕಿ. ಮಳೆಗಾಲದಲ್ಲಿ ಇಂಟರ್ನೆಟ್ಟೂ ಕೈಕೊಡುವ ಊರಾದ್ದರಿಂದ ಹೆಡ್ ನೋಡ್‌ನ ಕ್ರೋನಿಯಲ್ಲಿ ಲೋಕಲ್ ಸ್ಟ್ರೇಟಂ 10 ಸಾಲನ್ನೂ, ನೋಡ್‌ಗಳ ಜಾಲಕ್ಕೆ ಅಲೋ ಸಾಲನ್ನೂ ಬರೆಯಿರಿ. ಹೊರಗಿನ ಸಂಪರ್ಕ ಕಡಿದರೂ ನೋಡ್‌ಗಳು ಹೆಡ್ ನೋಡ್‌ನ ಸಮಯಕ್ಕೆ ಹೊಂದಿಕೊಂಡಿರುತ್ತವೆ.

ಪ್ರಶ್ನೆ: ನಿಗಾ ಇಡಲು ನಾವು ಪ್ರೊಮೀಥಿಯಸ್ ತಂತ್ರಾಂಶ ಬಳಸುತ್ತೇವೆ. ಕರೆಂಟ್ ಒಂದು ನಿಮಿಷ ಹೋದರೂ ನೋಡ್‌ಗೊಂದರಂತೆ ಎಚ್ಚರಿಕೆಯ ಮೇಲ್ ಬಂದು ಬೀಳುತ್ತದೆ.
– ಓದುಗರು, ಸೋಮವಾರಪೇಟೆ

ಉತ್ತರ: ನೋಡ್ ಉತ್ತರಿಸುತ್ತಿಲ್ಲ ಎನ್ನುವ ಅಪ್ == 0 ನಿಯಮಕ್ಕೆ ಫಾರ್: 5ಎಂ ಸೇರಿಸಿ; ಐದು ನಿಮಿಷ ಸತತವಾಗಿ ಸತ್ತಿದ್ದರೆ ಮಾತ್ರ ಎಚ್ಚರಿಕೆ ಹೊರಡುತ್ತದೆ. ಮೇಲ್ ಕಳಿಸುವ ಅಲರ್ಟ್‌ಮ್ಯಾನೇಜರ್‌ನ ಗ್ರೂಪ್_ಬೈನಲ್ಲಿ ಇನ್‌ಸ್ಟೆನ್ಸ್ (ನೋಡ್‌ನ ಗುರುತು) ಇದ್ದರೆ ತೆಗೆದು ಅಲರ್ಟ್‌ನೇಮ್ (ಎಚ್ಚರಿಕೆಯ ಹೆಸರು) ಇಡಿ. ಆಗ ಎಲ್ಲ ನೋಡ್‌ಗಳಿಗೂ ಸೇರಿ ಒಂದೇ ಮೇಲ್.

ಆದರೆ ನೋಡ್‌ಗಳು ನಿಜಕ್ಕೂ ಆಫ್ ಆಗಿದ್ದವೇ ಎಂಬುದನ್ನೂ ನೋಡಿ. ನೋಡ್‌ಗಳೆಲ್ಲ ಯುಪಿಎಸ್‌ನಲ್ಲಿದ್ದು, ಸ್ವಿಚ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿದ್ದರೂ ಇದೇ ರೀತಿ ಕಾಣುತ್ತದೆ. ನೋಡ್‌ನಲ್ಲಿ ಅಪ್‌ಟೈಮ್ ಕೊಟ್ಟರೆ ಗೊತ್ತಾಗುತ್ತದೆ: ದಿನಗಳ ಲೆಕ್ಕ ತೋರಿಸಿದರೆ ನೋಡ್ ಬಿದ್ದಿಲ್ಲ, ಸ್ವಿಚ್ ಬಿದ್ದಿದೆ. ಸ್ವಿಚ್ಚಿಗೆ ಬೇಕಾಗುವ ಕರೆಂಟ್ ಅಲ್ಪ, ಅದನ್ನೂ ಯುಪಿಎಸ್‌ಗೆ ಸೇರಿಸಿ. ರೂಟರ್ ಕೂಡ ಅಲ್ಲೇ ಇರಲಿ, ಇಲ್ಲದಿದ್ದರೆ ಎಚ್ಚರಿಕೆಯ ಮೇಲ್ ಕರೆಂಟ್ ಬಂದ ಮೇಲೆಯೇ ಹೊರಡುವುದು.