ಪಾಸ್‌ಬುಕ್ ಗಂಡನ ಕಿಸೆಯಲ್ಲಿತ್ತು

ನೀಲವ್ವ (ಹೆಸರು, ಗುರುತಿನ ವಿವರ ಬದಲಿಸಿದ್ದೇನೆ) ವಿಜಯಪುರದ ಕಡೆಯಿಂದ ಪುಣೆಗೆ ಬಂದು ಯೆರವಡಾದಲ್ಲಿ ನೆಲೆಸಿದವರು. ನಾಲ್ಕಾರು ಮನೆಗಳಲ್ಲಿ ಅಡುಗೆ ಕೆಲಸ. ಗಲ್ಲಿಯ ಬಚತ್ ಗಟದ, ಅಂದರೆ ಹೆಂಗಸರ ಉಳಿತಾಯ-ಸಾಲದ ಸ್ವಸಹಾಯ ಗುಂಪಿನ, ಅಧ್ಯಕ್ಷೆ. ನಿದ್ದೆಯಿಲ್ಲ, ತಲೆನೋವು ಎಂದು ಆಪ್ತಸಲಹೆಗೆ ನನ್ನ ಬಳಿ ಬಂದವರು ಸ್ವಲ್ಪ ಹೊತ್ತಿಗೇ ಅಸಲು ವಿಷಯ ಹೊರಗೆಡವಿದರು: "ಅಕ್ಕಾರೆ, ಈ ಅಧ್ಯಕ್ಷಗಿರಿ ನನಗೆ ಬೇಡ. ಹೇಗಾದರೂ ಬಿಡಿಸಿಕೊಡಿ."

ಗಟದ ಪಾಸ್‌ಬುಕ್ ಗಂಡನ ಅಂಗಿಯ ಕಿಸೆಯಲ್ಲಿರುತ್ತಿತ್ತು. ಸಭೆ ನಡೆದಾಗ ಅವರೇ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಮಾತಾಡುತ್ತಿದ್ದರು, ನೀಲವ್ವ ತಲೆಯಾಡಿಸುತ್ತಿದ್ದರು. ಈಗ ಮೈದುನನ ಆಟೋಗೆ ಗಟದಿಂದ ಸಾಲ ಎತ್ತಬೇಕಂತೆ. ಹಣ ತೆಗೆಯುವ ಖಾಲಿ ಚೀಟಿಗೆ ಗಂಡ ಆಗಲೇ ಸಹಿ ಹಾಕಿಸಿಕೊಂಡಿದ್ದರು. ಸುದ್ದಿ ಹಬ್ಬಿ, ಈಕೆ ನಲ್ಲಿಯ ಬಳಿ ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು.

ಹೊಡೆತ ಬಡಿತ ಉಂಟೇ ಎಂದು ಕೇಳಿದೆ. ಇಲ್ಲ ಎಂದರು. ಮೊದಲ ಭೇಟಿಯ 'ಇಲ್ಲ'ವನ್ನು ನಾನು ಪೂರ್ತಿ ನಂಬುವುದಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 181 ಮಹಿಳಾ ಸಹಾಯವಾಣಿಯ ವಿಷಯ ತಿಳಿಸಿಯೇ ಮುಂದುವರಿದೆ.

ಬೇರೆಯವರ ವ್ಯವಹಾರಕ್ಕೆ ತನ್ನ ಸಹಿ ಉತ್ತರ ಕೊಡಬೇಕಲ್ಲ ಎಂಬುದೇ ನಿದ್ದೆ ಕೆಡಿಸಿತ್ತು. ರಾಜೀನಾಮೆ ಕೊಟ್ಟರೂ ಹಾಕಿದ ಸಹಿ ಅಳಿಯುವುದಿಲ್ಲ. ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ನಬಾರ್ಡ್ 1992ರಲ್ಲೇ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸತೊಡಗಿತು. ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕ ಎಂಬ ಪಂಚಸೂತ್ರ ನೀಲವ್ವನಿಗೂ ಬಾಯಿಪಾಠವಿತ್ತು. ತರಬೇತಿಗಳಲ್ಲಿ ವೇದಿಕೆ ಹತ್ತಿ ಮಾತಾಡಲು ಕಲಿಸುತ್ತಾರೆ, ಪಾಸ್‌ಬುಕ್ ಓದಿಸುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಹುದ್ದೆ ಈಗಲೇ ಬಿಡಬೇಡಿ ಎಂದೆ. ಆ ಚೀಟಿಯ ವಿಷಯ ಇಂದೇ ಖಜಾಂಚಿಗೆ ಹೇಳಿ. ಗಟದ ಖಾತೆಯಲ್ಲಿ ಎರಡು ಸಹಿ ಬೇಕಿದ್ದುದರಿಂದ ಇನ್ನೂ ತಡೆಯಲು ದಾರಿಯಿತ್ತು. ಪಾಸ್‌ಬುಕ್ ಗಟದ ಪೆಟ್ಟಿಗೆಯಲ್ಲೇ ಇರಬೇಕೆಂದು ಠರಾವು ಮಾಡಿಸಿ. ನಡಾವಳಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವರು. ಅಂಕಿಗಳನ್ನು ತಮ್ಮದೇ ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲು ತೊಂದರೆಯಿರಲಿಲ್ಲ.

ಮನೆಯಲ್ಲಿ ಏನು ಹೇಳುವುದು? ಒಬ್ಬಳೇ ನಿಂತು ಬೇಡ ಎನ್ನುವುದು ಕಷ್ಟ. ಗಟದ ಠರಾವನ್ನು ಮುಂದಿಟ್ಟು ಹೇಳಬಹುದು. "ಸಭೆ ಒಪ್ಪಿದರೆ ಕೊಡುತ್ತೇನೆ, ನನ್ನೊಬ್ಬಳ ಕೈಯಲ್ಲಿಲ್ಲ." ಇದನ್ನು ಅಲ್ಲೇ ಅಭ್ಯಾಸ ಮಾಡಿಸಿದೆ. ಮೊದಲು ಸೆರಗಿನ ಅಂಚು ತಿರುವುತ್ತ ನೆಲ ನೋಡಿ ಹೇಳಿದರು. ಮೈದುನನಂತೆ ನಾನು ಗದರಿದಾಗ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ದನಿ ಗಟ್ಟಿಯಾಯಿತು.

ಚೀಟಿಯನ್ನು ಸಭೆಯಲ್ಲೇ ಹರಿದರು. ಸಾಲದ ಅರ್ಜಿಯನ್ನು ಸದ್ಯಕ್ಕೆ ಮುಂದೂಡಿದ್ದಾರೆ, ಮೈದುನ ಮಾತು ಬಿಟ್ಟಿದ್ದಾನೆ. ನಿದ್ದೆ ಸುಧಾರಿಸಿದೆ, ತಲೆನೋವು ಪೂರ್ತಿ ಹೋಗದ ಕಾರಣ ರಕ್ತದೊತ್ತಡ ನೋಡಿಸಲು ವೈದ್ಯರ ಬಳಿ ಕಳುಹಿಸಿದ್ದೇನೆ. ನೀಲವ್ವ ಒಪ್ಪಿದ್ದರಿಂದ ಮುಂದಿನ ಭೇಟಿಗೆ ಗಂಡನನ್ನೂ ಕರೆದಿದ್ದೇನೆ.