ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಜಿರ್ಕೋನಿಯಾ, ಲೋಹ-ಪಿಂಗಾಣಿ ಕ್ಯಾಪ್‌ಗಳಲ್ಲಿ ಯಾವುದು ಹೆಚ್ಚು ಗಟ್ಟಿ?

ಇದೇ ಪ್ರಶ್ನೆ ಹಿಡಿದುಕೊಂಡು ನಾನು ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ನನ್ನ ಕ್ಯಾಪ್ ಹಾಳಾದದ್ದು ಅದರ ವಸ್ತುವಿನ ದೆಸೆಯಿಂದಲ್ಲ. ಕುರ್ಚಿಯ ಮೇಲೆ ಮಲಗಿಕೊಂಡು ನಾನು ಹೇಳಿದ ‘ಸರಿಯಾಗಿದೆ’ ಎಂಬ ಒಂದು ಮಾತಿನಿಂದ.

ಕೆಳಗಿನ ಎಡಗಡೆಯ ದವಡೆ ಹಲ್ಲು. ಲೋಹವಿಲ್ಲದ ಬಿಳಿ ಸೆರಾಮಿಕ್ಕಾದ ಜಿರ್ಕೋನಿಯಾ ಬಿಟ್ಟು, ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್ ಆರಿಸಿದ್ದೆ. ಅಂಟಿಸುವ ದಿನ, ಹೇಗೂ ಬಂದಿದ್ದೇನಲ್ಲ ಎಂದು ಪಕ್ಕದ ಹಲ್ಲಿನ ಹುಳುಕನ್ನೂ ತುಂಬಿಸಿಕೊಂಡೆ. ಎಡವಟ್ಟಾದದ್ದು ಅಲ್ಲೇ. ಹುಳುಕಿಗೆಂದು ಕೊಟ್ಟ ಇಂಜೆಕ್ಷನ್ನಿನಿಂದ ಅರ್ಧ ತುಟಿ, ಅರ್ಧ ನಾಲಿಗೆ ನನ್ನದಲ್ಲವೇನೋ ಎನ್ನುವ ಹಾಗಿತ್ತು. ವೈದ್ಯರು ಕ್ಯಾಪ್ ಕೂರಿಸಿ, ಹಲ್ಲು ತಾಗಿದ ಕಡೆ ಬಣ್ಣದ ಗುರುತು ಬೀಳಿಸುವ ನೀಲಿ ಕಾಗದದ ಪಟ್ಟಿ ನಡುವೆ ಇಟ್ಟು ಕಚ್ಚಿಸಿ, ‘ಎತ್ತರ ಅನಿಸುತ್ತದೆಯೇ?’ ಎಂದು ಕೇಳಿದರು. ಏನೂ ಅನಿಸುತ್ತಿರಲಿಲ್ಲ. ಅನಿಸದಿರುವುದನ್ನೇ ‘ಸರಿಯಾಗಿದೆ’ ಎಂದುಕೊಂಡೆ.

ರೂಟ್ ಕೆನಾಲ್ ಆದ ಹಲ್ಲಿನೊಳಗೆ ನರವಿಲ್ಲ, ಅದಕ್ಕೇನು ಗೊತ್ತಾಗುತ್ತದೆ ಎಂದು ನೀವು ಕೇಳಬಹುದು. ಗೊತ್ತಾಗುತ್ತದೆ. ಬೇರನ್ನು ಮೂಳೆಗೆ ಹಿಡಿದಿಡುವ ನಾರಿನ ಪದರ ಜೀವಂತವಾಗಿಯೇ ಇರುತ್ತದೆ. ಹಲ್ಲುಗಳ ನಡುವೆ ಒಂದು ಕೂದಲೆಳೆ ಸಿಕ್ಕಿದರೂ ತಿಳಿಸುವುದು ಅದೇ. ಇಂಜೆಕ್ಷನ್ ಮಲಗಿಸಿದ್ದು ಅದನ್ನು. ಸಾಲದ್ದಕ್ಕೆ, ಅಂಗಾತ ಮಲಗಿದಾಗ ದವಡೆ ಕೊಂಚ ಹಿಂದಕ್ಕೆ ಜಾರುತ್ತದೆ. ನೆಟ್ಟಗೆ ಕೂತಾಗಿನ ಕಡಿತವೇ ಬೇರೆ, ಮಲಗಿದಾಗಿನದೇ ಬೇರೆ.

ಮರಗಟ್ಟಿದ್ದು ಇಳಿದ ಮೇಲೆ ಬಾಯಿ ಮುಚ್ಚಿದರೆ ಮೊದಲು ತಾಗುವುದು ಆ ಕ್ಯಾಪ್, ಉಳಿದ ಹಲ್ಲುಗಳು ಆಮೇಲೆ. ಒಗ್ಗಿಹೋಗುತ್ತದೆ ಎಂದು ಮೂರು ವಾರ ಸುಮ್ಮನಿದ್ದೆ. ಎರಡನೆಯ ಸಲ ಹೋಗಿ ‘ಅಂದು ಸರಿ ಎಂದೆ, ಇಂದು ಸರಿಯಿಲ್ಲ’ ಎನ್ನಲು ನಾಚಿಕೆ ಬೇರೆ. ಮೇಲಿನ ಹಲ್ಲು ನೋಯತೊಡಗಿತು. ಒಂದು ಸಂಜೆ ನಾಲಿಗೆಯ ಮೇಲೆ ಉಗುರಿನ ಚೂರಿನಷ್ಟು ಬಿಳಿ ಪಿಂಗಾಣಿ ಬಂತು. ಕನ್ನಡಿಯಲ್ಲಿ ನೋಡಿದರೆ ಬೂದು ಬಣ್ಣದ ಲೋಹ ಇಣುಕುತ್ತಿತ್ತು.

ಅದನ್ನು ಕೊರೆದು ತೆಗೆಸಿ ಜಿರ್ಕೋನಿಯಾ ಹಾಕಿಸಿದೆ. ಈ ಸಲ ಇಂಜೆಕ್ಷನ್ ಬೇಡವೆಂದೆ, ಎದ್ದು ಕೂತು ಕಚ್ಚಿದೆ. ಮೊದಲ ಗುರುತು ಕ್ಯಾಪಿನ ಮೇಲೆ ಒಂದೇ ಒಂದು ದಟ್ಟ ಚುಕ್ಕೆ. ಅಕ್ಕಪಕ್ಕದ ಹಲ್ಲುಗಳಿಗೆ ಬಣ್ಣವೇ ತಾಗಿಲ್ಲ. ಉಜ್ಜಿ, ಕಚ್ಚಿ, ಮತ್ತೆ ಉಜ್ಜಿ, ಎಲ್ಲ ಹಲ್ಲುಗಳ ಮೇಲೂ ತೆಳುವಾಗಿ ಚುಕ್ಕೆ ಬೀಳುವವರೆಗೆ ಬಿಡಲಿಲ್ಲ. ಉಜ್ಜಿದ ಜಾಗಕ್ಕೆ ಪಾಲಿಶ್ ಮಾಡಿಸಲು ಮರೆಯಬೇಡಿ. ಒರಟಾಗಿ ಉಳಿದ ಜಿರ್ಕೋನಿಯಾ ಎದುರಿನ ಹಲ್ಲನ್ನು ಮರಳುಕಾಗದದಂತೆ ಸವೆಸುತ್ತದೆ.

ಹಾಗಾಗಿ ‘ಯಾವುದು ಗಟ್ಟಿ’ ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಗಟ್ಟಿಯೇ ಬೇಕೆಂದರೆ ಜಿರ್ಕೋನಿಯಾವೇ ಸರಿ. ಆದರೆ ಎತ್ತರ ತಪ್ಪಿದ ಕ್ಯಾಪ್ ಒಡೆಯದಷ್ಟು ಗಟ್ಟಿಯಾಗಿದ್ದರೆ ಪೆಟ್ಟು ತಿನ್ನುವುದು ಎದುರಿನ ಹಲ್ಲು. ನನ್ನ ಪಿಂಗಾಣಿ ಒಡೆದು ಸುದ್ದಿಯನ್ನಾದರೂ ಕೊಟ್ಟಿತು.

ವೈದ್ಯರನ್ನು ಕೇಳಬೇಕಾದದ್ದು ಬೇರೆ: ನನ್ನ ಹಲ್ಲಿನಲ್ಲಿ ಎಷ್ಟು ಉಳಿದಿದೆ, ಇನ್ನೆಷ್ಟು ಕೊರೆಯುತ್ತೀರಿ? ಲೋಹ-ಪಿಂಗಾಣಿಗೆ ಮೇಲ್ಭಾಗದಲ್ಲಿ 1.5ರಿಂದ 2 ಮಿಲಿಮೀಟರ್ ಜಾಗ ಬೇಕು, ಪೂರ್ತಿ ಜಿರ್ಕೋನಿಯಾಕ್ಕೆ 1ರ ಆಸುಪಾಸು ಸಾಕಾಗುತ್ತದೆ. ಹಲ್ಲು ಗಿಡ್ಡವಾಗಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ತೀರಾ ಹಿಂದಿನ ಹಲ್ಲಾಗಿದ್ದು, ನಿಕಲ್ ಅಲರ್ಜಿಯಂಥದ್ದೇನೂ ಇಲ್ಲದಿದ್ದರೆ ನಾನಂತೂ ಪೂರ್ತಿ ಲೋಹದ್ದನ್ನೇ ಹಾಕಿಸಿಕೊಳ್ಳುತ್ತೇನೆ. ಚೂರಾಗಿ ಏಳಲು ಅದರ ಮೇಲೆ ಪಿಂಗಾಣಿಯೇ ಇರುವುದಿಲ್ಲ. ಚೆನ್ನಾಗಿ ಕಾಣುವುದಿಲ್ಲ ಎನ್ನುತ್ತಾರೆ, ನಿಜ. ಆದರೆ ಆ ಮೂಲೆಯನ್ನು ಇಣುಕಿ ನೋಡುವವರು ದಂತವೈದ್ಯರೊಬ್ಬರೇ.